ಹಿಡಿಗೂ ಒಂದು ಹದ
ಕಾಪು ಕಡಲತಡಿಯ ಉಪ್ಪುಗಾಳಿಗೆ ಕಬ್ಬಿಣದ ಹತಾರ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಹಾಗಾಗಿ ಮಡಚುವ ಚಾಕುವಿಗೆ ಟೈಟಾನಿಯಂ ಹಿಡಿ ಏಕೆ ಎಂದು ಉಡುಪಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ಉಪ್ಪಿಗೆ ಜಗ್ಗದು, ತೂಕವೂ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚಷ್ಟೇ. ಮಣಿಪಾಲದ ದಂತವೈದ್ಯರು ದವಡೆಗೆ ಕೂರಿಸುವ ಇಂಪ್ಲಾಂಟ್‌ಗೂ ಇದೇ ಲೋಹ. ಆದರೆ ಯಂತ್ರದಲ್ಲಿ ಕತ್ತರಿಸಿದ ಹಿಡಿಯ ಅಂಚು ಅಂಗೈಗೆ ಒತ್ತುತ್ತದೆ. ಅದನ್ನು ಪಳಗಿಸುವುದು ಕೈಕೆಲಸವೇ. ಕಾರ್ಕಳದ ಕಡೆ ಕತ್ತಿಯ ಮರದ ಹಿಡಿಯನ್ನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದವರಿಗೆ ಇದರ ಮರ್ಮ ಗೊತ್ತು. ಮೊದಲು ಸಣ್ಣ ಅರದಿಂದ ಅಂಚು ಮುರಿಯಬೇಕು. ಆಮೇಲೆ 400, 600, 800ರ ವಾಟರ್ ಪೇಪರನ್ನು ನೀರಲ್ಲಿ ತೋಯಿಸಿ ಒಂದೇ ದಿಕ್ಕಿಗೆ ಎಳೆಯಬೇಕು. ಅಡ್ಡಾದಿಡ್ಡಿ ಉಜ್ಜಿದರೆ ಗೀರು ಎದ್ದು ಕಾಣುತ್ತದೆ. ನೀರಿಲ್ಲದೆ ಉಜ್ಜಿದರೆ ಏಳುವ ನುಣ್ಣನೆಯ ಪುಡಿ ಕಿಡಿಗೆ ಹೊತ್ತಿಕೊಳ್ಳಬಹುದು. ಬಣ್ಣ ಬೇಕಾದರೆ ಬಳಿಯುವ ಕೆಲಸವಿಲ್ಲ. ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಹಿಡಿಯನ್ನು ಅದ್ದಿ ಡಿ.ಸಿ. ಕರೆಂಟ್ ಹರಿಸಿದರೆ ಆಕ್ಸೈಡ್ ಪೊರೆ ದಪ್ಪಗಾಗುತ್ತದೆ. ವೋಲ್ಟ್ ಏರಿದಂತೆ ಕಂದು, ನೀಲಿ, ಹಳದಿ ಮೂಡುತ್ತವೆ. ಅದು ಬೆಳಕಿನಾಟ, ಬಣ್ಣದ ಲೇಪವಲ್ಲ. ಮನೆಯಲ್ಲೇ ಹಿಡಿ ಉಜ್ಜುವ ಆಸೆಯಿದ್ದರೆ ಮೊದಲು ಅಲಗನ್ನು ಬಿಚ್ಚಿ ಬದಿಗಿಡಿ. ಕಣ್ಣಿಗೆ ಕನ್ನಡಕ, ಕೈಗೆ ತಾಳ್ಮೆ ಇರಲಿ.