ಹಿತ್ತಿಲ ಮಲ್ಲಿಗೆಗೆ ಕತ್ತಿ

ಮಂಜೇಶ್ವರದ ಕಡೆಯ ಸಹೋದರಿಯೊಬ್ಬರು ನಮಗೆ ಪತ್ರ ಬರೆದು, ತಮ್ಮ ಅಂಗಳದ ಮಲ್ಲಿಗೆಯು ಸೊಂಪಾಗಿ ಬೆಳೆದಿದ್ದರೂ ಎರಡು ವರ್ಷಗಳಿಂದ ಹೂ ಬಿಡದಿರುವುದರಿಂದ ಅದನ್ನು ಕಿತ್ತುಬಿಡುವುದೇ ಲೇಸೇನೋ ಎಂದು ಕೇಳಿದ್ದಾರೆ. ಕೀಳಬೇಡಿರೆಂದು ನಮ್ಮ ವಿನಂತಿ. ನಾವೂ ಈ ದಾರಿಯಲ್ಲಿ ಎಡವಿದವರೇ.

ನಮ್ಮ ಬಾವಿಕಟ್ಟೆಯ ಬಳಿಯ ಮಲ್ಲಿಗೆಯು ತಾಯಿಯವರು ತವರಿನಿಂದ ತಂದು ನೆಟ್ಟದ್ದು. 2016ರಲ್ಲಿ ಅವರು ತೀರಿಕೊಂಡ ಬಳಿಕ ಆ ಗಿಡಕ್ಕೆ ಕತ್ತಿ ತಾಗಿಸಲು ನಮಗೆ ಮನಸ್ಸು ಬರಲಿಲ್ಲ. ಮೂರು ವರ್ಷ ಅದು ತನ್ನಿಚ್ಛೆಯಂತೆ ಹಬ್ಬಿತು. ಹೂ ಮಾತ್ರ ಬೊಗಸೆಯಿಂದ ಬೆರಳೆಣಿಕೆಗೆ ಇಳಿಯಿತು. ತಾಯಿಯವರು ವರ್ಷಕ್ಕೊಮ್ಮೆ ಗಿಡವನ್ನು ಬೋಳಾಗಿಸುತ್ತಿದ್ದುದನ್ನು ಕಂಡಿದ್ದೆವು. ಯಾವ ತಿಂಗಳು, ಎಷ್ಟು ಎತ್ತರಕ್ಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಪ್ರಶ್ನೆ ಕೇಳಿರೆಂದು ಮಕ್ಕಳಿಗೆ ದಿನವೂ ಬೋಧಿಸುವವರು ನಾವು! ಕೊನೆಗೆ ಹೇಳಿಕೊಟ್ಟವರು ನೆರೆಮನೆಯ ಅಜ್ಜಿ.

ಮಲ್ಲಿಗೆಯ ಮೊಗ್ಗು ಹುಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಆದುದರಿಂದ ಮಳೆ ಹಿಂದೆಗೆದ ಮೇಲೆ, ನವೆಂಬರ್ ಕೊನೆಯ ವಾರದಲ್ಲಿ, ನೆಲದಿಂದ ಸುಮಾರು ಒಂದೂವರೆ ಅಡಿ ಉಳಿಸಿ ಸವರಬೇಕು. ಅದಕ್ಕೆ ಮೊದಲು ಕೆಲವು ದಿನ ನೀರು ನಿಲ್ಲಿಸಿರಿ. ಒಣಗಿದ, ರೋಗ ತಗಲಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಬುಡದಿಂದಲೇ ತೆಗೆಯಿರಿ. ಕತ್ತಿ ಹರಿತವಾಗಿರಲಿ, ಸಿಗಿದ ಗಾಯದಲ್ಲಿ ಕೊಳೆ ಸೇರುತ್ತದೆ. ಉಳಿದ ಎಲೆಗಳನ್ನೂ ಕೈಯಿಂದ ಬಿಡಿಸಿರಿ. ಗಿಡವು ಸತ್ತಂತೆ ತೋರುವುದು. ನಮ್ಮ ಮನೆಯಾಕೆ ಆ ಸಂಜೆ ನಮ್ಮೊಡನೆ ಮಾತನಾಡಲಿಲ್ಲ. ಬುಡ ಬಿಡಿಸಿ ಹತ್ತು ಕಿಲೋದಷ್ಟು ಕಳಿತ ಹಟ್ಟಿಗೊಬ್ಬರ ಹಾಕಿ ನೀರುಣಿಸಲು ತೊಡಗಿದರೆ ಕೆಲವು ವಾರಗಳಲ್ಲಿ ಚಿಗುರು, ಮಾರ್ಚ್ ವೇಳೆಗೆ ಮೊಗ್ಗು. ತೆಂಗು, ಕಂಗುಗಳ ದಟ್ಟ ನೆರಳಿನಲ್ಲಿ ಮಾತ್ರ ಎಷ್ಟು ಸವರಿದರೂ ಫಲವಿಲ್ಲ. ಮಲ್ಲಿಗೆಗೆ ಬಿಸಿಲು ಬೇಕು.

ನಾವು ಸವರಿದ್ದು 2019ರ ನವೆಂಬರಿನಲ್ಲಿ. ಶಂಕರಪುರದ ಬೆಳೆಗಾರರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಎಣಿಸುತ್ತಾರೆ. ನಮ್ಮದು ಚೆಂಡಿನ ಲೆಕ್ಕಕ್ಕೂ ಬರಲಿಲ್ಲ. ಆದರೂ ಬೊಗಸೆ ತುಂಬಿತು. ಮಂಗಳೂರಿನಲ್ಲಿರುವ ಮಗಳಿಗೆ ಕಳುಹಿಸೋಣವೆಂದರೆ, 2020ರ ಮಾರ್ಚ್ ಕೊನೆಯ ಹೊತ್ತಿಗೆ ತಲಪಾಡಿಯಲ್ಲಿ ಗಡಿ ಮುಚ್ಚಿತ್ತು. ಮೊದಲ ಮಾಲೆಯು ತಾಯಿಯವರ ಭಾವಚಿತ್ರಕ್ಕೆ, ಎರಡನೆಯದು ಅಜ್ಜಿಯ ಮನೆಯ ದೇವರಿಗೆ ಹೋಯಿತು.

ಸಹೋದರಿಯವರು ಮಾರ್ಚಿನಲ್ಲಿ ಇನ್ನೊಂದು ಪತ್ರ ಬರೆಯಲಿ.