ಮದ್ಯ ತ್ಯಜಿಸಲು ತಕ್ಕ ಕಾಲ

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆದರೂ ಕುಡಿತದ ಕೇಡು ಮನೆಗಳಿಂದ ತೊಲಗಿಲ್ಲ. ಅದು ಗಂಡಸರ ಚಟವೆಂದೇ ನಾವು ಮಾತನಾಡುತ್ತೇವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಕುಟುಂಬಗಳಲ್ಲಿ ಮರೆಯಲ್ಲಿ ಕುಡಿಯುವ ತಾಯಿಯೊಬ್ಬಳಿದ್ದರೆ, ನಾಚಿಕೆಯೇ ಆಕೆಯ ಬಾಯಿ ಕಟ್ಟುತ್ತದೆ.

ವಿಭೂತಿ ಬುಧವಾರದಿಂದ ಆರಂಭವಾಗುವ ತಪಸ್ಸುಕಾಲವು ಇದಕ್ಕೆ ತಕ್ಕ ಕಾಲ. ಎಲ್ಲರೂ ಏನನ್ನಾದರೂ ತ್ಯಜಿಸುವಾಗ ಆಕೆಯನ್ನು ಯಾರೂ ಕಾರಣ ಕೇಳರು. ಆದರೆ ಪಾಸ್ಖ ಹಬ್ಬದಂದೇ ಮತ್ತೆ ಕುಡಿದರೆ ಫಲವೇನು? 1884ರಲ್ಲಿ ಡಬ್ಲಿನ್ನಿನ ಕೂಲಿಗಾರ ಮ್ಯಾಟ್ ಟಾಲ್ಬಟ್ ಮೂರು ತಿಂಗಳಿಗೆಂದು ಕೈಗೊಂಡ ಪ್ರತಿಜ್ಞೆಯನ್ನು ನವೀಕರಿಸುತ್ತ 1925ರಲ್ಲಿ ಮರಣ ಹೊಂದುವವರೆಗೂ ಪಾಲಿಸಿದರು.

ನಿತ್ಯವೂ ಹೆಚ್ಚು ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ಪ್ರಾಣಾಪಾಯವೂ ಉಂಟು. ಅಂಥವರು ತಪಸ್ಸುಕಾಲಕ್ಕೆ ಕಾಯದೆ ಇಂದೇ ವೈದ್ಯರನ್ನು ಕಾಣಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಚಿಕಿತ್ಸೆಯಿದೆ. ಆಕೆಯನ್ನು ಹಳಿಯದೆ ಜೊತೆಗೆ ಹೋಗುವುದು ಮನೆಯವರಾದ ನಮ್ಮ ಕರ್ತವ್ಯ.