ಮಾಂಸದ ಅಂಗಡಿಗೆ ಹೋದ ಅಪೂರ್ವ ಹಕ್ಕಿ

2009ರ ಜನವರಿಯಲ್ಲಿ ಫಿಲಿಪ್ಪೀನ್ಸ್ ದೇಶದ ಲೂಜಾನ್ ದ್ವೀಪದಲ್ಲಿ, ಡಾಲ್ಟನ್ ಪಾಸ್ ಎಂಬ ಘಟ್ಟದ ದಾರಿಯಲ್ಲಿ, ಬೇಟೆಗಾರರ ಬಲೆಗೆ ಒಂದು ಪುಟ್ಟ ಹಕ್ಕಿ ಬಿದ್ದಿತು. ನೋಡಲು ನಮ್ಮ ಲಾವಕ್ಕಿಯಂತಿದ್ದ ಅದನ್ನು ಸಾಕ್ಷ್ಯಚಿತ್ರದ ತಂಡವೊಂದು ಚಿತ್ರೀಕರಿಸಿಕೊಂಡಿತು. ಬಳಿಕ ಹಕ್ಕಿ ಮಾಂಸಕ್ಕಾಗಿ ಮಾರಾಟವಾಯಿತು. ಅದು ವೂಸ್ಟರ್ ಬಟನ್ ಕ್ವೇಲ್ ಎಂಬುದನ್ನು ತಜ್ಞರು ಗುರುತಿಸಿದ್ದು ಆಮೇಲೆ. ಅಲ್ಲಿಯವರೆಗೆ ವಿಜ್ಞಾನವು ಈ ಪ್ರಭೇದವನ್ನು ಬಲ್ಲದ್ದು ಸಂಗ್ರಹಾಲಯದ ಕೆಲವೇ ಒಣ ಮಾದರಿಗಳಿಂದ.

ಈ ಸುದ್ದಿಯನ್ನು ಓದಿದ ಜಗತ್ತು ತಿಂದವರನ್ನು ಹಳಿಯಿತು, ಹಾಸ್ಯವನ್ನೂ ಮಾಡಿತು. ನಮಗೆ ಅದು ನ್ಯಾಯವೆನಿಸುವುದಿಲ್ಲ. 1902ರಲ್ಲಿ ಈ ಹಕ್ಕಿ ವಿಜ್ಞಾನದ ಕೈಸೇರಿದ್ದೇ ಮನಿಲಾದ ಕಿಯಾಪೊ ಮಾರುಕಟ್ಟೆಯಿಂದ! ಶಾಸ್ತ್ರಜ್ಞರಿಗೆ ಅಪೂರ್ವವಾದದ್ದು ಬಲೆಗಾರನಿಗೆ ಆ ದಿನದ ಸಂಪಾದನೆ ಮಾತ್ರ. ಆದರೆ ಅದು ಎಲ್ಲಿ, ಯಾವ ಋತುವಿನಲ್ಲಿ ಸಿಗುತ್ತದೆಂಬ ಅರಿವು ಇರುವುದೂ ಅವನಲ್ಲಿಯೇ. ಅವನನ್ನು ದೂರವಿಟ್ಟು ಶೋಧನೆಯೂ ಸಾಗದು, ಸಂರಕ್ಷಣೆಯೂ ಸಾಗದು.

ಇದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಸೈಬೀರಿಯಾ ಮತ್ತು ಉತ್ತರ ಚೀನಾದ ಕಡೆಯಿಂದ ಆಫ್ರಿಕಾಕ್ಕೆ ವಲಸೆ ಹೋಗುವ ಅಮೂರ್ ಚಾಣಗಳು ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ತಂಗುತ್ತವೆ. ಅಮೂರ್ ಚಾಣ ಅಪರೂಪದ ಹಕ್ಕಿಯಲ್ಲ, ಲಕ್ಷಗಟ್ಟಲೆ ಬರುತ್ತದೆ. ಆ ಸಮೃದ್ಧಿಯೇ ಅದಕ್ಕೆ ಮುಳುವಾಯಿತು. 2012ರಲ್ಲಿ ಮೀನುಬಲೆಗಳನ್ನು ಕಟ್ಟಿ ಅವುಗಳನ್ನು ಹಿಡಿಯುತ್ತಿದ್ದುದನ್ನು ಸಂರಕ್ಷಣಾಸಕ್ತರು ದಾಖಲಿಸಿದರು. ಒಂದೇ ಹಂಗಾಮಿನಲ್ಲಿ ಲಕ್ಷಕ್ಕೂ ಮಿಕ್ಕಿ ಹಕ್ಕಿಗಳು ಬಲಿಯಾದವೆಂಬುದು ಅವರ ಅಂದಾಜು. ಅಣೆಕಟ್ಟಿನಿಂದ ಜಮೀನು ಮುಳುಗಿದ ಕುಟುಂಬಗಳಿಗೆ ಇದು ಕೈಗೆ ಹಣ ಬರುವ ದಾರಿಯಾಗಿತ್ತೆಂಬುದನ್ನು ಮರೆಯಬಾರದು.

ಕಾನೂನು ಮೊದಲೇ ಇತ್ತು. ಬೇಟೆಯನ್ನು ನಿಲ್ಲಿಸಿದ್ದು ಪಾಂಗ್ತಿ ಮೊದಲಾದ ಹಳ್ಳಿಗಳ ಗ್ರಾಮಸಭೆಗಳ ನಿರ್ಣಯ ಮತ್ತು ಚರ್ಚುಗಳ ಮಾತು. 2013ರಲ್ಲಿ ಅಲ್ಲಿ ಚಾಣಗಳ ಬೇಟೆ ನಿಂತಿತು. ಅದೇ ವರ್ಷ ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ಹಂಗೇರಿಯ ವಿಜ್ಞಾನಿಗಳು ಮೂರು ಹಕ್ಕಿಗಳಿಗೆ ಉಪಗ್ರಹ ಸಾಧನ ತೊಡಿಸಿ, ನಾಗಾ, ವೋಖಾ, ಪಾಂಗ್ತಿ ಎಂದು ಅಲ್ಲಿಯ ಹೆಸರುಗಳನ್ನೇ ಇಟ್ಟರು. ಆ ಹಕ್ಕಿಗಳು ಭಾರತವನ್ನು ದಾಟಿ, ಅರಬ್ಬೀ ಸಮುದ್ರದ ಮೇಲೆ ಹಾರಿ ಆಫ್ರಿಕಾ ತಲುಪಿದ ದಾರಿ ಆಗ ಸ್ಪಷ್ಟವಾಯಿತು.

ಹಕ್ಕಿ ನೋಡಲು ಬರುವ ಪ್ರವಾಸಿಗರಿಂದ ಹಳ್ಳಿಗೆ ಒಂದಿಷ್ಟು ಆದಾಯವುಂಟು. ಆದರೆ ಬಲೆ ಸುತ್ತಿಟ್ಟ ಪ್ರತಿಯೊಬ್ಬನ ಮನೆಗೂ ಅದು ತಲುಪಬೇಕಲ್ಲವೇ? ಪ್ರವಾಸಿಗರಿಗೆ ಕೋಣೆ ಕೊಡಬಲ್ಲವನು ಬೇರೆ, ಹಕ್ಕಿ ಹಿಡಿದು ಬದುಕುತ್ತಿದ್ದವನು ಬೇರೆ. ಸರ್ಕಾರ ಈ ಲೆಕ್ಕವನ್ನು ಮನೆಮನೆಯಾಗಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.